ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಲಸುಮೇಲೋಗರ: ಪಿಡಿಎಫ್ ಕುರಿತ ಪ್ರಶ್ನೆಗೊಂದು ಉತ್ತರ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಮನೆತನದ ಮತ್ತು ಊರಿನ ಚರಿತ್ರೆಯನ್ನು 180 ಪುಟಗಳ ಪುಸ್ತಕವಾಗಿ ವರ್ಡ್‌ನಲ್ಲಿ ಸಿದ್ಧಪಡಿಸಿದ್ದೇನೆ. ಮೊದಲ ಅಧ್ಯಾಯಗಳನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ. ಕೊನೆಯವನ್ನು ಮೊಬೈಲಿನಲ್ಲಿ ಬರೆದು ಸೇರಿಸಿದೆ. ಫೈಲನ್ನು ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ಕಳುಹಿಸಿದರೆ ಅವನ ಕಂಪ್ಯೂಟರಿನಲ್ಲಿ ಅರ್ಧ ಪುಸ್ತಕ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತಂತೆ. ಪುಟಗಳು 194 ಆಗಿ ಪರಿವಿಡಿಯೂ ತಪ್ಪಿತು. ಪೇಟೆಯ ಅಂಗಡಿಯೊಂದರಲ್ಲಿ ಮುದ್ರಿಸಿ, ಸ್ಕ್ಯಾನ್ ಮಾಡಿ ಕೊಟ್ಟ ಪಿಡಿಎಫ್ 140 ಎಂಬಿ ಇರುವುದರಿಂದ ಇ-ಮೇಲ್‌ನಲ್ಲಿ ಹೋಗುತ್ತಿಲ್ಲ. ಮನೆಯಲ್ಲಿ ನಾನೇ ಮಾಡಿದ ಪಿಡಿಎಫ್ 6 ಎಂಬಿ ಇದ್ದು ನೋಡಲು ಚೆನ್ನಾಗಿದೆ. ಆದರೆ ಅದರಲ್ಲಿ ಅಜ್ಜನ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಪಿಡಿಎಫ್ ಆದ ಮೇಲೆ ಯಾರೂ ತಿದ್ದಲಾರರು, ಎಷ್ಟು ಕಾಲವಾದರೂ ಕೆಡುವುದಿಲ್ಲ ಎನ್ನುತ್ತಾರೆ. ನಿಜವೇ? ಅನುಬಂಧದ ದಾಖಲೆಗಳಲ್ಲಿ ಆಧಾರ್ ಸಂಖ್ಯೆಯ ಮೇಲೆ ಕಪ್ಪು ಚೌಕವಿಟ್ಟಿದ್ದೇನೆ, ಅಷ್ಟು ಸಾಕೇ? ಇದೇ ಫೈಲನ್ನು ಮುದ್ರಣಕ್ಕೂ ಕೊಡಬಹುದೇ?

ಉತ್ತರ: ನೀವು ಬರೆದಿರುವ ತೊಂದರೆಗಳು ನಾಲ್ಕೈದು ಎಂದು ಕಂಡರೂ ಅವುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಪಿಡಿಎಫ್ ಪುಟದ ರೂಪವನ್ನು ಕಾಪಾಡುತ್ತದೆ. ಆ ರೂಪದ ಹಿಂದೆ ಯಾವ ಅಕ್ಷರವಿದೆ ಎಂಬುದನ್ನು ಮೂಲ ಫೈಲು ಹೇಳಿದಷ್ಟು ಮಾತ್ರ ಅದು ತಿಳಿದುಕೊಳ್ಳುತ್ತದೆ. ಮೂಲದಲ್ಲಿ ಗೊಂದಲವಿದ್ದರೆ ಪಿಡಿಎಫ್ ಆ ಗೊಂದಲವನ್ನು ಅಂದವಾಗಿ ಮುಚ್ಚಿ ಮುಂದಕ್ಕೆ ಸಾಗಿಸುತ್ತದೆ. ಎರಡು ದಶಕಗಳಿಂದ ಕನ್ನಡ ಪುಟವಿನ್ಯಾಸದ ಕೆಲಸ ಮಾಡುತ್ತಿರುವ ನನ್ನ ಮೇಜಿಗೆ ಬರುವ ಕನ್ನಡ ಪಿಡಿಎಫ್‌ಗಳಲ್ಲಿ ನಾನು ಕಾಣುವ ದೋಷ ಬಹುಮಟ್ಟಿಗೆ ಇದೇ.

ಮೊದಲಿಗೆ 180 ಪುಟ 194 ಆದದ್ದು ಹೇಗೆಂದು ನೋಡೋಣ. ವರ್ಡ್ ಫೈಲು ಅಡುಗೆಯ ಚೀಟಿಯಂತೆ, ಪಿಡಿಎಫ್ ಬಡಿಸಿದ ಎಲೆಯಂತೆ. ವರ್ಡ್ ಫೈಲಿನಲ್ಲಿ ಪುಟಗಳೆಂಬುದೇ ಇರುವುದಿಲ್ಲ. ‘ಇಂಥ ಅಕ್ಷರಶೈಲಿ, ಇಷ್ಟು ಗಾತ್ರ, ಇಷ್ಟು ಅಂಚು’ ಎಂಬ ಸೂಚನೆಗಳಿರುತ್ತವೆ, ಪ್ರತಿ ಸಲ ತೆರೆದಾಗಲೂ ಆಯಾ ಕಂಪ್ಯೂಟರು ತನ್ನಲ್ಲಿರುವ ಸಾಮಗ್ರಿಯಿಂದ ಪುಟಗಳನ್ನು ಹೊಸದಾಗಿ ಕಟ್ಟುತ್ತದೆ. ನಿಮ್ಮ ಅಣ್ಣನ ಮಗನ ಕಂಪ್ಯೂಟರಿನಲ್ಲಿ ನುಡಿಯ ಅಕ್ಷರಶೈಲಿ ಇರಲಿಲ್ಲ. ಅದು ಬೇರೊಂದನ್ನು ಹಾಕಿತು, ಸಾಲುಗಳ ಉದ್ದ ಬದಲಾಯಿತು, ಪುಟಗಳು ಜಾರಿದವು. ಅಧ್ಯಾಯವನ್ನು ಹೊಸ ಪುಟಕ್ಕೆ ತಳ್ಳಲು ನೀವು ಎಂಟರ್ ಕೀಲಿಯನ್ನೇ ಹತ್ತಾರು ಸಲ ಒತ್ತಿದ್ದರೆ ಜಾರುವಿಕೆ ಇನ್ನೂ ಹೆಚ್ಚಿರುತ್ತದೆ. ಆ ಜಾಗಗಳಲ್ಲಿ ‘ಪೇಜ್ ಬ್ರೇಕ್’ ಹಾಕಿ. ಅಧ್ಯಾಯದ ಹೆಸರುಗಳಿಗೆ ‘ಹೆಡಿಂಗ್’ ಶೈಲಿಯನ್ನು ಕೊಟ್ಟು ಪರಿವಿಡಿಯನ್ನು ವರ್ಡ್‌ನಿಂದಲೇ ತಯಾರಿಸಿ. ಕೈಯಿಂದ ಬರೆದ ಪುಟಸಂಖ್ಯೆಗಳು ಒಂದು ಪ್ಯಾರಾ ಸೇರಿಸಿದ ಕೂಡಲೇ ತಪ್ಪುತ್ತವೆ.

ಇನ್ನು ಆ ‘ಇಂಗ್ಲಿಷ್ ಅಕ್ಷರಗಳ ರಾಶಿ’. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಅದಕ್ಕೂ ಮೊದಲೇ ಬಳಕೆಗೆ ಬಂದ ಬರಹ, ಪತ್ರಿಕಾಲಯಗಳಲ್ಲಿ ನೆಲೆಯೂರಿದ ಶ್ರೀಲಿಪಿ, ಇವೆಲ್ಲ ಕಂಪ್ಯೂಟರುಗಳು ಕನ್ನಡವನ್ನು ಅರಿಯದಿದ್ದ ಕಾಲದಲ್ಲಿ ನಮ್ಮ ಕೈ ಹಿಡಿದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನು ಕೂರಿಸಿದ್ದೇ ಅವುಗಳ ಉಪಾಯ. ನುಡಿಯಲ್ಲಿ ನೀವು ‘ಕನ್ನಡ’ ಎಂದು ಟೈಪ್ ಮಾಡಿದಾಗ ಫೈಲಿನಲ್ಲಿ ದಾಖಲಾಗುವುದು ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಅಕ್ಷರಶೈಲಿಯ ಕನ್ನಡಕ ಹಾಕಿಕೊಂಡಾಗ ಮಾತ್ರ ಅದು ಕನ್ನಡ. ಮೊಬೈಲಿನಲ್ಲಿ ಬರೆದ ಅಧ್ಯಾಯಗಳು ಹಾಗಲ್ಲ. ಅವು ಯೂನಿಕೋಡ್‌ನಲ್ಲಿವೆ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಆಗಿರುವ ತನ್ನದೇ ಸಂಖ್ಯೆಯಿದೆ. ನಿಮ್ಮ ಪುಸ್ತಕದಲ್ಲಿ, ಕಂಪ್ಯೂಟರಿನ ದೃಷ್ಟಿಯಿಂದ, ಎರಡು ಭಾಷೆಗಳಿವೆ.

ಈಗ ನಿಮ್ಮ 6 ಎಂಬಿಯ ಪಿಡಿಎಫ್‌ಗೆ ಬರುತ್ತೇನೆ. ಪಿಡಿಎಫ್ ತಯಾರಾಗುವಾಗ ಪುಟದಲ್ಲಿ ಬಳಕೆಯಾದ ಅಕ್ಷರಾಕೃತಿಗಳನ್ನು ಫೈಲಿನೊಳಗೇ ಅಡಕಗೊಳಿಸಲಾಗುತ್ತದೆ; ಇಡೀ ಅಕ್ಷರಶೈಲಿಯನ್ನಲ್ಲ, ಬೇಕಾದ ಆಕೃತಿಗಳನ್ನಷ್ಟೇ. ಆದ್ದರಿಂದಲೇ ನುಡಿ ಇಲ್ಲದ ಕಂಪ್ಯೂಟರಿನಲ್ಲೂ ಅದು ಚೆನ್ನಾಗಿ ಕಾಣುತ್ತದೆ. ಪ್ರತಿ ಆಕೃತಿಯೂ ಯಾವ ಅಕ್ಷರ ಎಂದು ತಿಳಿಸುವ ಒಂದು ಕೋಷ್ಟಕವೂ ಸಾಮಾನ್ಯವಾಗಿ ಜೊತೆಗಿರುತ್ತದೆ; ಹುಡುಕುವಿಕೆ, ನಕಲು, ದೃಷ್ಟಿಹೀನರಿಗೆ ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸೌಲಭ್ಯ, ಎಲ್ಲವೂ ಅದನ್ನೇ ನಂಬಿವೆ. ನಿಮ್ಮ ಮೊದಲ ಅಧ್ಯಾಯಗಳ ಮಟ್ಟಿಗೆ ಆ ಕೋಷ್ಟಕ ‘ನ’ ಎಂಬ ಆಕೃತಿಯನ್ನು ಪೌಂಡ್ ಚಿಹ್ನೆ ಎನ್ನುತ್ತಿದೆ. ಅಜ್ಜನ ಹೆಸರು ಸಿಗದಿರುವುದು ಇದೇ ಕಾರಣಕ್ಕೆ. (ಪುಟದಿಂದ ಆ ಹೆಸರನ್ನು ನಕಲಿಸಿ, ಬರುವ ವಿಚಿತ್ರ ಅಕ್ಷರಗಳನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿದರೆ ಸಿಕ್ಕೀತು, ನಿಮ್ಮ ಮೊಮ್ಮಕ್ಕಳಿಗೆ ಈ ವಿದ್ಯೆ ಕಲಿಸುವುದು ನ್ಯಾಯವಲ್ಲ.)

ಯೂನಿಕೋಡ್‌ಗೆ ಬದಲಾಯಿಸಿದರೆ ಎಲ್ಲವೂ ಸರಿಯಾಗುತ್ತದೆಯೇ? ಬಹಳಷ್ಟು ಸರಿಯಾಗುತ್ತದೆ, ಪೂರ್ತಿಯಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಉಚ್ಚಾರಣೆಯಲ್ಲಿಯೂ ಯೂನಿಕೋಡ್‌ನ ದಾಖಲೆಯಲ್ಲಿಯೂ ‘ರ’ ಮೊದಲು, ‘ಯ’ ಆಮೇಲೆ. ಆದರೆ ಬರವಣಿಗೆಯಲ್ಲಿ ಅರ್ಕಾವೊತ್ತು ‘ಯ’ಕಾರದ ಬಲಕ್ಕೆ ಬರುತ್ತದೆ, ಪಿಡಿಎಫ್ ಬರೆದುಕೊಳ್ಳುವುದು ಕಾಣುವ ಕ್ರಮವನ್ನು. ಒತ್ತಕ್ಷರಗಳಲ್ಲಿ, ‘ಕೊ’, ‘ಕೋ’ಗಳಂಥ ಎರಡು ಮೂರು ತುಂಡುಗಳ ಗುಣಿತಾಕ್ಷರಗಳಲ್ಲಿ ಕೂಡ ಇಂಥ ಎಡವಟ್ಟುಗಳಾಗುತ್ತವೆ. ಆಕೃತಿಗಳ ಗುಂಪಿನೊಡನೆ ಅದರ ನಿಜವಾದ ಪಠ್ಯವನ್ನೂ ಬರೆದಿಡುವ ವ್ಯವಸ್ಥೆ ಪಿಡಿಎಫ್‌ನಲ್ಲಿ ಇದೆಯಾದರೂ ಎಲ್ಲ ತಂತ್ರಾಂಶಗಳೂ ಅದನ್ನು ಸಮನಾಗಿ ಬಳಸುವುದಿಲ್ಲ, ಓದುವ ತಂತ್ರಾಂಶಗಳೂ ಸಮನಾಗಿ ಗೌರವಿಸುವುದಿಲ್ಲ. ಹೀಗಾಗಿ ಯೂನಿಕೋಡ್ ಪಿಡಿಎಫ್‌ನಲ್ಲಿ ಹೆಚ್ಚಿನ ಪದಗಳು ಸಿಗುತ್ತವೆ, ಅರ್ಕಾವೊತ್ತಿನ ಕೆಲವು ಪದಗಳು ಕೈಕೊಡಬಹುದು. ಮೂಲ ಫೈಲನ್ನು ಬಿಸಾಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯವರು ಕೊಟ್ಟ 140 ಎಂಬಿಯ ಫೈಲು ಹೆಸರಿಗೆ ಪಿಡಿಎಫ್. ವಾಸ್ತವದಲ್ಲಿ ಫೋಟೋಗಳ ಕಟ್ಟು. ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ, ಅಂದರೆ ಕುಗ್ಗಿಸುವ ಮೊದಲು ಪುಟಕ್ಕೆ 26 ಎಂಬಿ. ಎಷ್ಟು ಕುಗ್ಗಿಸಿದರೂ 180 ಪುಟ ಸೇರಿದಾಗ ಭಾರವೇ. ಅದರಲ್ಲಿ ಅಕ್ಷರವೆಂಬುದು ಒಂದೂ ಇಲ್ಲ, ಹುಡುಕಲು ಏನೂ ಇಲ್ಲ, ದೊಡ್ಡದು ಮಾಡಿ ನೋಡಿದರೆ ಅಂಚುಗಳು ಒರಟಾಗುತ್ತವೆ. ಕಾಗದವೊಂದೇ ಉಳಿದಿರುವ ಹಳೆಯ ದಾಖಲೆಗೆ ಸ್ಕ್ಯಾನ್ ಅನಿವಾರ್ಯ. ಕಂಪ್ಯೂಟರಿನಲ್ಲೇ ಹುಟ್ಟಿದ ಬರಹವನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವುದು ಕಾಗದಕ್ಕೂ ದಂಡ, ನಿಮ್ಮ ಹಣಕ್ಕೂ ದಂಡ. ಆ ಫೈಲನ್ನು ಮರೆತುಬಿಡಿ.

ಇನ್ನು ಜನ ಹೇಳುವ ಮಾತುಗಳು. ‘ಪಿಡಿಎಫ್ ಆದ ಮೇಲೆ ಯಾರೂ ತಿದ್ದಲಾರರು’ ಎಂಬುದು ನಿಜವಲ್ಲ. 2013ರ ಆವೃತ್ತಿಯಿಂದೀಚೆಗೆ ವರ್ಡ್ ಸ್ವತಃ ಪಿಡಿಎಫ್ ಅನ್ನು ತೆರೆದು ತಿದ್ದಲು ಕೊಡುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನ ಡ್ರಾ ಕೂಡ. ಕನ್ನಡದ ಮಟ್ಟಿಗೆ ಹಾಗೆ ತೆರೆದಾಗ ಅಕ್ಷರಗಳು ಛಿದ್ರವಾಗುವುದರಿಂದ ತಿದ್ದುವುದು ಕಷ್ಟವಾಗಬಹುದು, ಆದರೆ ಅದು ರಕ್ಷಣೆಯಲ್ಲ, ಅವ್ಯವಸ್ಥೆ. ‘ತಿದ್ದುವಂತಿಲ್ಲ, ಮುದ್ರಿಸುವಂತಿಲ್ಲ’ ಎಂದು ನಿರ್ಬಂಧಿಸುವ ಗುಪ್ತಪದವೂ ಬಾಗಿಲಿಗೆ ಅಂಟಿಸಿದ ಸೂಚನಾಫಲಕವಿದ್ದಂತೆ. ಗೌರವಿಸುವ ತಂತ್ರಾಂಶಗಳು ಗೌರವಿಸುತ್ತವೆ, ಇಲ್ಲದವು ಇಲ್ಲ. ತೆರೆಯುವುದಕ್ಕೇ ಕೇಳುವ ಗುಪ್ತಪದ ಮಾತ್ರ ನಿಜವಾದ ಬೀಗ. ಬದಲಾವಣೆಯಾಗಿದ್ದರೆ ಗೊತ್ತಾಗಲೇಬೇಕು ಎನ್ನುವ ಕರಾರುಪತ್ರ, ಪ್ರಮಾಣಪತ್ರಗಳಿಗೆ ಡಿಜಿಟಲ್ ಸಹಿ ಇದೆ. ಮನೆತನದ ಚರಿತ್ರೆಗೆ ಇವೆರಡೂ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಮೂವತ್ತು ವರ್ಷಗಳ ನಂತರ ಗುಪ್ತಪದವನ್ನು ನೆನಪಿಟ್ಟವರು ಯಾರೂ ಇಲ್ಲದಿದ್ದರೆ ಪುಸ್ತಕವೇ ಇಲ್ಲವಾದಂತೆ.

‘ಎಷ್ಟು ಕಾಲವಾದರೂ ಕೆಡುವುದಿಲ್ಲ’ ಎಂಬುದರಲ್ಲಿ ಅರ್ಧ ಸತ್ಯವಿದೆ. ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ಹೊರತಂದಿತು. 2008ರಲ್ಲಿ ಅದು ಐಎಸ್ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು, ಹೀಗಾಗಿ ಅದರ ಭವಿಷ್ಯ ಒಂದೇ ಕಂಪನಿಯ ಕೈಯಲ್ಲಿಲ್ಲ. ದೀರ್ಘಕಾಲದ ಸಂರಕ್ಷಣೆಗೆಂದೇ 2005ರಲ್ಲಿ ಪಿಡಿಎಫ್/ಎ ಎಂಬ ಪ್ರಭೇದ ಬಂತು. ಅದರ ನಿಯಮಗಳು ಬಿಗಿ: ಬಳಸಿದ ಅಕ್ಷರಶೈಲಿಗಳೆಲ್ಲ ಒಳಗೇ ಇರಬೇಕು, ಗುಪ್ತಪದ ಇರಕೂಡದು, ಪುಟ ಕಾಣಿಸಲು ಹೊರಗಿನ ಯಾವುದನ್ನೂ ಅವಲಂಬಿಸಕೂಡದು. ಇದನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಪಿಡಿಎಫ್/ಎ ಮಾನಕದಲ್ಲಿ ಸ್ತರಗಳಿವೆ. ‘ಬಿ’ ಸ್ತರ ಭರವಸೆ ಕೊಡುವುದು ಪುಟ ಇದ್ದಂತೆಯೇ ಕಾಣುತ್ತದೆ ಎಂಬುದಕ್ಕೆ ಮಾತ್ರ. ‘ಯು’ ಮತ್ತು ‘ಎ’ ಸ್ತರಗಳು ಪಠ್ಯಕ್ಕೆ ಯೂನಿಕೋಡ್ ಬೆಲೆ ಇರಬೇಕೆಂದು ಕೇಳುತ್ತವೆ ನಿಜ, ಆದರೆ ನುಡಿಯ ‘ನ’ಕ್ಕೆ ಪೌಂಡ್ ಚಿಹ್ನೆಯ ಬೆಲೆ ಕೊಟ್ಟಿದ್ದರೂ ಯಂತ್ರದ ಪರೀಕ್ಷೆ ಅದನ್ನು ಪಾಸು ಮಾಡಿಬಿಡುತ್ತದೆ, ಏಕೆಂದರೆ ಯಂತ್ರಕ್ಕೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಈಗಿನ ಫೈಲನ್ನು ಪಿಡಿಎಫ್/ಎ ಮಾಡಿದರೆ ನಿಮ್ಮ ಗೊಂದಲ ನೂರು ವರ್ಷ ಸುರಕ್ಷಿತವಾಗಿರುತ್ತದೆ, ಅಷ್ಟೆ.

ಆಧಾರ್ ಸಂಖ್ಯೆಯ ವಿಷಯವನ್ನು ದಯವಿಟ್ಟು ಇಂದೇ ಸರಿಪಡಿಸಿ. ವರ್ಡ್‌ನಲ್ಲಿ ಸಂಖ್ಯೆಯ ಮೇಲಿಟ್ಟ ಕಪ್ಪು ಚೌಕ ಪಿಡಿಎಫ್‌ನಲ್ಲಿಯೂ ಮೇಲಿಟ್ಟ ಚೌಕವಾಗಿಯೇ ಉಳಿಯುತ್ತದೆ. ಕೆಳಗಿನ ಅಂಕಿಗಳನ್ನು ಆಯ್ದು, ನಕಲಿಸಿ, ಬೇರೆಡೆ ಅಂಟಿಸಿದರೆ ಅವು ಹೊರಬರುತ್ತವೆ. ಕೆಳಗಿರುವುದು ಫೋಟೋ ಆಗಿದ್ದರೂ ಅದನ್ನು ಫೈಲಿನಿಂದ ಬೇರ್ಪಡಿಸಿ ತೆಗೆಯಬಹುದು. ಚಿತ್ರವನ್ನು ವರ್ಡ್‌ನಲ್ಲಿ ಕತ್ತರಿಸಿದಾಗ ಕೂಡ ಕತ್ತರಿಸಿದ ಭಾಗ ವರ್ಡ್ ಫೈಲಿನೊಳಗೆ ಅಡಗಿಯೇ ಇರುತ್ತದೆ, ಅದನ್ನು ಅಳಿಸಲು ‘ಕಂಪ್ರೆಸ್ ಪಿಕ್ಚರ್ಸ್’ ಎಂಬಲ್ಲಿ ಪ್ರತ್ಯೇಕ ಆಯ್ಕೆಯಿದೆ. ಟೈಪ್ ಮಾಡಿದ ಸಂಖ್ಯೆಯಾದರೆ ಅಳಿಸಿ ನಕ್ಷತ್ರ ಚಿಹ್ನೆ ಹಾಕಿ. ಚಿತ್ರವಾದರೆ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಆ ಭಾಗಕ್ಕೆ ಬಣ್ಣ ಬಳಿದು, ಜೆಪೆಗ್ ಆಗಿ ಉಳಿಸಿ, ಹಳೆಯ ಚಿತ್ರವನ್ನು ತೆಗೆದು ಹೊಸದನ್ನು ಸೇರಿಸಿ. ಈಗಾಗಲೇ ಕಳುಹಿಸಿರುವ ಪ್ರತಿಗಳನ್ನು ಅಳಿಸುವಂತೆ ಕೇಳಿಕೊಳ್ಳಿ. ಇದೇ ಕಾರಣಕ್ಕೆ, ಫೈಲು ಏರಿಸಿದರೆ ಪಿಡಿಎಫ್ ಮಾಡಿಕೊಡುವ ಉಚಿತ ಜಾಲತಾಣಗಳಿಗೆ ಇಂಥ ಪುಸ್ತಕವನ್ನು ಕೊಡಬೇಡಿ. ಫೈಲು ಅವರ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿ ಎಷ್ಟು ದಿನ ಇರುತ್ತದೆಂಬುದು ಅವರ ಮಾತಿನ ಮೇಲೆ ನಿಂತಿದೆ. ಮೇಲಾಗಿ ನುಡಿಯ ಅಕ್ಷರಶೈಲಿ ಅವರಲ್ಲಿಯೂ ಇರುವುದಿಲ್ಲ, ಫಲಿತಾಂಶ ಅಮೆರಿಕದಲ್ಲಿ ಕಂಡದ್ದೇ.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಮುಂದೆ ಎರಡು ದಾರಿಗಳಿವೆ. ನೆಂಟರಿಷ್ಟರು ಓದಿದರೆ ಸಾಕು ಎನ್ನುವುದಾದರೆ 6 ಎಂಬಿಯ ಪಿಡಿಎಫ್, ಆಧಾರ್ ಸಂಖ್ಯೆ ತೆಗೆದ ಮೇಲೆ, ಸಾಕು. ಹುಡುಕಲು ಬಾರದು, ಓದಿ ಹೇಳುವ ತಂತ್ರಾಂಶಕ್ಕೆ ದಕ್ಕದು ಎಂಬ ಕೊರತೆಯನ್ನು ಒಪ್ಪಿಕೊಳ್ಳಬೇಕು. ಊರಿನ ಚರಿತ್ರೆ ಮುಂದಿನವರಿಗೂ ದಕ್ಕಬೇಕು ಎಂದಾದರೆ ನುಡಿಯ ಅಧ್ಯಾಯಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಏಳೆಂಟು ದಿನಗಳ ಕೆಲಸ. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವಂಥದನ್ನು ಆರಿಸಿಕೊಳ್ಳಿ. ಆದರೆ ಇಡೀ ಪುಸ್ತಕವನ್ನು ಒಮ್ಮೆಗೇ ಅದರ ಬಾಯಿಗೆ ಹಾಕಬೇಡಿ. ವೃತ್ತಿಯ ಆರಂಭದಲ್ಲಿ ಒಂದು ಸ್ಮರಣ ಸಂಚಿಕೆಯನ್ನು ನಾನು ಹಾಗೆ ಮಾಡಿದ್ದೆ. ನಡುನಡುವೆ ಇದ್ದ ಇಂಗ್ಲಿಷ್ ಹೆಸರುಗಳನ್ನೂ ಪದವಿಗಳನ್ನೂ ಪರಿವರ್ತಕ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸಿತು, ದಾನಿಗಳ ಪಟ್ಟಿಯಲ್ಲಿ ಅದನ್ನು ಗಮನಿಸದೆ ಮುದ್ರಣಕ್ಕೆ ಕಳಿಸಿದ ತಪ್ಪು ನನ್ನದೇ. ಯೂನಿಕೋಡ್‌ನಲ್ಲೇ ಇರುವ ನಿಮ್ಮ ಕೊನೆಯ ಅಧ್ಯಾಯಗಳನ್ನು ಮುಟ್ಟುವ ಅಗತ್ಯವಿಲ್ಲ. ಉಳಿದವನ್ನು ಅಧ್ಯಾಯಕ್ಕೊಂದರಂತೆ ಪ್ರತ್ಯೇಕಿಸಿ, ಪರಿವರ್ತಿಸಿ, ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಅರ್ಕಾವೊತ್ತು, ಎರಡು ಒತ್ತುಗಳು ಒಟ್ಟಿಗೆ ಬರುವ ‘ರಾಷ್ಟ್ರ’ದಂಥ ಪದಗಳು, ಉದ್ಧರಣ ಚಿಹ್ನೆಗಳು ಮತ್ತು ಇಂಗ್ಲಿಷ್ ಪದಗಳ ಮೇಲೆ ಕಣ್ಣಿರಲಿ. ಕೊನೆಗೆ ಇಡೀ ಪುಸ್ತಕಕ್ಕೆ ಒಂದೇ ಯೂನಿಕೋಡ್ ಅಕ್ಷರಶೈಲಿಯನ್ನು ಕೊಡಿ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಇದ್ದರೂ ಪುಸ್ತಕದ ಪುಟಕ್ಕೆ ನೋಟೋ ಸೆರಿಫ್ ಕನ್ನಡ ನನಗೆ ಹೆಚ್ಚು ಒಪ್ಪಿಗೆ. ಮುಕ್ತ ಪರವಾನಗಿಯಿರುವುದರಿಂದ ಅದನ್ನು ಪಿಡಿಎಫ್‌ನೊಳಗೆ ಅಡಕಗೊಳಿಸಲು ಯಾವ ತಕರಾರೂ ಇಲ್ಲ. ಕೆಲವು ಅಕ್ಷರಶೈಲಿಗಳು ಹಾಗೆ ಅಡಕಗೊಳಿಸುವುದನ್ನು ನಿಷೇಧಿಸುತ್ತವೆ ಎಂಬುದು ನೆನಪಿರಲಿ.

ಪಿಡಿಎಫ್ ಮಾಡುವಾಗ ‘ಪ್ರಿಂಟ್’ ಆದೇಶದ ಮೂಲಕ ಹೋಗಬೇಡಿ. ವಿಂಡೋಸ್‌ನ ‘ಪ್ರಿಂಟ್ ಟು ಪಿಡಿಎಫ್’ ಪುಟವನ್ನು ಮುದ್ರಕಕ್ಕೆ ಕಳಿಸಿದಂತೆ ಕಳಿಸುವುದರಿಂದ ಪರಿವಿಡಿಯ ಕೊಂಡಿಗಳು, ಅಧ್ಯಾಯಗಳ ಗುರುತುಗಳು, ರಚನೆಯ ಮಾಹಿತಿ ಎಲ್ಲವೂ ಕಳೆದುಹೋಗುತ್ತವೆ. ವರ್ಡ್‌ನಲ್ಲಿ ‘ಸೇವ್ ಆ್ಯಸ್’ ಒತ್ತಿ ಪಿಡಿಎಫ್ ಆರಿಸಿ, ‘ಆಪ್ಷನ್ಸ್’ ಒಳಗೆ ಹೆಡಿಂಗ್‌ಗಳಿಂದ ಬುಕ್‌ಮಾರ್ಕ್ ಮಾಡುವ, ರಚನೆಯ ಟ್ಯಾಗ್ ಸೇರಿಸುವ ಮತ್ತು ಪಿಡಿಎಫ್/ಎ ಆಯ್ಕೆಗಳಿಗೆ ಗುರುತು ಹಾಕಿ. ಲಿಬ್ರೆಆಫೀಸ್ ಬಳಸುವವರಿಗೆ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಇದೆ. ಅದರಲ್ಲಿ ‘ಹೈಬ್ರಿಡ್ ಪಿಡಿಎಫ್’ ಎಂಬ, ಹೆಚ್ಚು ಜನ ಗಮನಿಸದ ಆಯ್ಕೆಯೊಂದಿದ್ದು, ತಿದ್ದಬಹುದಾದ ಮೂಲ ದಾಖಲೆಯನ್ನೇ ಪಿಡಿಎಫ್‌ನ ಹೊಟ್ಟೆಯೊಳಗೆ ಇಟ್ಟುಕೊಡುತ್ತದೆ. ಮೂಲ ಫೈಲನ್ನು ಎಲ್ಲೋ ಕಳೆದುಕೊಳ್ಳುವ ನಮ್ಮಂಥವರಿಗೆ ಇದು ವರದಾನ. ಫೋಟೋಗಳ ಬಗ್ಗೆ ಒಂದೇ ಲೆಕ್ಕ: ನಾಲ್ಕು ಅಂಗುಲ ಅಗಲಕ್ಕೆ ಮುದ್ರಿಸಬೇಕಾದ ಚಿತ್ರಕ್ಕೆ 1200 ಚುಕ್ಕೆಗಳ ಅಗಲ ಸಾಕು, ಮೊಬೈಲಿನ ಚಿತ್ರ ಸಾಮಾನ್ಯವಾಗಿ 4000 ಚುಕ್ಕೆ ಅಗಲವಿರುತ್ತದೆ. ಕುಗ್ಗಿಸಿದರೆ ನಷ್ಟವಿಲ್ಲ, ಮೂಲ ಚಿತ್ರಗಳನ್ನು ಮಾತ್ರ ಬೇರೆಯಾಗಿ ಕಾಪಿಡಿ.

ಮುದ್ರಣಕ್ಕೆ ಇದೇ ಫೈಲನ್ನು ಕೊಡಬೇಡಿ. ನೀವು ಎ4 ಪುಟದಲ್ಲಿ ಸಿದ್ಧಪಡಿಸಿದ್ದೀರಿ ಎಂದು ಊಹಿಸುತ್ತೇನೆ; ನಮ್ಮಲ್ಲಿ ಇಂಥ ಪುಸ್ತಕಗಳು ಸಾಮಾನ್ಯವಾಗಿ ಡೆಮಿ 1/8 ಅಳತೆಯಲ್ಲಿ, ಅಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದಲ್ಲಿ ಬರುತ್ತವೆ. ಎ4 ಪುಟವನ್ನು ಆ ಅಗಲಕ್ಕೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರ 8 ಪಾಯಿಂಟಿಗೆ ಇಳಿಯುತ್ತದೆ, ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಇರುವೆಗಳಂತಾಗುತ್ತವೆ. ಮುದ್ರಣಾಲಯದವರನ್ನು ಮೊದಲೇ ಕೇಳಿ ಅವರು ಹೇಳಿದ ಅಳತೆಗೆ ಪುಟವನ್ನು ಬದಲಾಯಿಸಿ, ಹೊಲಿಗೆಯ ಬದಿಗೆ ಹೆಚ್ಚು ಅಂಚು ಬಿಟ್ಟು, ಆಮೇಲೆ ಬೇರೊಂದು ಪಿಡಿಎಫ್ ಮಾಡಿ. ಪುಟದ ಅಂಚಿನವರೆಗೂ ಹಬ್ಬುವ ಚಿತ್ರಗಳಿದ್ದರೆ ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಕೇಳುತ್ತಾರೆ. ಮುಖಪುಟಕ್ಕಂತೂ ಅದು ಬೇಕೇ ಬೇಕು, ಅದನ್ನು ಅವರಿಗೇ ಬಿಡುವುದು ಲೇಸು. ಕೆಲವರು ನುಡಿಯಲ್ಲಿರುವ ಕಡತವನ್ನೇ ಕೊಡಿ ಎಂದು ಕೇಳಬಹುದು. ಅದು ಅವರ ಅಜ್ಞಾನವಲ್ಲ. ಯೂನಿಕೋಡ್ ಅರಿಯದ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಇನ್ನೂ ಪುಟ ಕಟ್ಟುವವರಿದ್ದಾರೆ. ಅಂಥವರಿಗೆ ಸಿದ್ಧ ಪುಟಗಳ ಪಿಡಿಎಫ್ ನೀಡಿ, ‘ಇದ್ದಂತೆಯೇ ಮುದ್ರಿಸಿ’ ಎನ್ನಿ. ಹಳೆಯ ನುಡಿ ಕಡತವನ್ನು ಅವರ ಕೈಗಿತ್ತರೆ ನೀವು ಪರಿವರ್ತನೆಯ ನಂತರ ಮಾಡಿದ ತಿದ್ದುಪಡಿಗಳೆಲ್ಲ ಮುದ್ರಿತ ಪುಸ್ತಕದಿಂದ ತಪ್ಪಿಹೋಗುತ್ತವೆ.

ಫೈಲು ಸಿದ್ಧವಾದ ಮೇಲೆ ಹತ್ತು ನಿಮಿಷ ಪರೀಕ್ಷೆಗೆ ಕೊಡಿ. ಅಕ್ರೊಬ್ಯಾಟ್ ರೀಡರ್‌ನಲ್ಲಿ ‘ಪ್ರಾಪರ್ಟೀಸ್’ ತೆರೆದು ‘ಫಾಂಟ್ಸ್’ ವಿಭಾಗದಲ್ಲಿ ಪ್ರತಿ ಅಕ್ಷರಶೈಲಿಯ ಮುಂದೆ ‘ಎಂಬೆಡೆಡ್’ ಎಂದಿದೆಯೇ ನೋಡಿ. ಅಲ್ಲಿ ನುಡಿಯ ಹೆಸರು ಇನ್ನೂ ಕಂಡರೆ ಎಲ್ಲೋ ಒಂದು ಪ್ಯಾರಾ ಪರಿವರ್ತನೆಯಾಗದೆ ಉಳಿದಿದೆ ಎಂದರ್ಥ. ಹಳೆಯ ಅಧ್ಯಾಯದ ಒಂದು ಪ್ಯಾರಾವನ್ನು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಓದಿ. ಕೊನೆಯದಾಗಿ ಅಣ್ಣನ ಮಗನಿಗೆ ಕಳುಹಿಸಿ, ಕಂಪ್ಯೂಟರಿನಲ್ಲಿ ಬೇಡ, ಮೊಬೈಲಿನಲ್ಲಿ ತೆರೆದು ಅವನ ಮುತ್ತಜ್ಜನ ಹೆಸರನ್ನು ಕನ್ನಡದಲ್ಲೇ ಹುಡುಕುವಂತೆ ಹೇಳಿ. ಆ ಹೆಸರಿನಲ್ಲಿ ಅರ್ಕಾವೊತ್ತು ಇದ್ದು ಸಿಗದೇ ಹೋದರೆ ಹೆಸರಿನ ಮೊದಲ ಎರಡು ಅಕ್ಷರಗಳನ್ನಷ್ಟೇ ಹುಡುಕಲಿ.